ಬೆಳುಂಕಿಯ ತಗಡಿನ ಪೆಟ್ಟಿಗೆ

ಜತ್ತ ತಾಲೂಕಿನ ಬೆಳುಂಕಿ ಪ್ರವಾಸಿಗರು ಅರಸಿ ಬರುವ ಊರಲ್ಲ. ಮಳೆ ಕಡಿಮೆಯಾದ ಬಯಲು, ಜೋಳದ ಹೊಲ, ಬೇವಿನ ನೆರಳು. ಕಚೇರಿಯ ಕಾಗದ ಮರಾಠಿ, ಮನೆಯ ಮಾತು ಕನ್ನಡ. ಕಳೆದ ಬೇಸಿಗೆಯಲ್ಲಿ ಜಮೀನಿನ ದಾಖಲೆಗಳನ್ನು ಪರಿಶೀಲಿಸಲು ಅಲ್ಲಿಗೆ ಹೋದಾಗ, ಹಿರಿಯರೊಬ್ಬರು ಸಾತಬಾರಾ ಉತಾರಗಳ ಜೊತೆಗೆ ತಗಡಿನ ಪೆಟ್ಟಿಗೆಯೊಂದನ್ನೂ ಮುಂದಿಟ್ಟರು. ಒಳಗಿದ್ದುದು ಅವರ ತಂದೆ ಕೂಡಿಸಿಟ್ಟ ಬೀಡಿ ಕಟ್ಟಿನ ಲೇಬಲ್ಲುಗಳು, ಸಿಗರೇಟಿನ ಖಾಲಿ ಪಾಕೀಟುಗಳು.

“ವಕೀಲ್ರ, ಇವು ಕೋರ್ಟಿಗೆ ಬೇಕಾಗಂಗಿಲ್ಲ. ಆದ್ರ ಒಗಿಯಾಕ ಮನಸ್ಸಿಲ್ಲ ನೋಡ್ರಿ,” ಎಂದರು.

ದೇವರು, ಹುಲಿ, ಅಂಕಿ, ಮಾಲೀಕರ ಭಾವಚಿತ್ರ: ಅಕ್ಷರ ಬಾರದ ಗಿರಾಕಿಯೂ ಗುರುತಿಸಲೆಂದು ಅಚ್ಚಾದ ಚಿತ್ರಗಳಿವು. ಒಂದೇ ಅಂಗೈಯಗಲದ ಕಾಗದದಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ನೆರೆದಿದ್ದವು. ಸರಕು ಸಾಗುವ ಸೀಮೆಯಲ್ಲಿ ಯಾವ ಭಾಷೆಗಳಿವೆಯೆಂಬುದನ್ನು ವ್ಯಾಪಾರಿ ಚೆನ್ನಾಗಿ ಬಲ್ಲವನಾಗಿದ್ದ.

ಇಂಥ ಸಂಗ್ರಹ ಲೋಕಕ್ಕೆ ಹೊಸದಲ್ಲ. ಅಮೆರಿಕದಲ್ಲಿ ಸಿಗರೇಟಿನ ಪೊಟ್ಟಣ ಬಾಗದಿರಲೆಂದು ಒಳಗಿಡುತ್ತಿದ್ದ ಗಟ್ಟಿ ಕಾಗದದ ಮೇಲೆ ಬೇಸ್‌ಬಾಲ್ ಆಟಗಾರರ ಚಿತ್ರ ಮುದ್ರಿಸಿದರು. 1909ರಿಂದ 1911ರ ಅವಧಿಯಲ್ಲಿ ಹೊರಟ ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಕಾರ್ಡೊಂದು 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ಬೆಳುಂಕಿಯ ಪೆಟ್ಟಿಗೆಗೆ ಅಂಥ ಬೆಲೆ ಬಾರದು. ಅದರ ಮೌಲ್ಯ ಬೇರೆ: ಅದೊಂದು ಸಾಕ್ಷ್ಯ.

ಸಾಕ್ಷಿಯನ್ನು ಪ್ರಶ್ನಿಸುವ ಕ್ರಮದಲ್ಲಿಯೇ ಈ ಕಾಗದಗಳನ್ನೂ ಕೇಳಬಹುದು. ಬೆಲೆ ಆಣೆಯಲ್ಲಿದ್ದರೆ ಅದು ಬಹುಶಃ 1957ಕ್ಕಿಂತ ಹಿಂದಿನದು. ದಶಮಾಂಶ ನಾಣ್ಯ ಬಂದುದು ಆ ವರ್ಷ. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಈಚಿನದು. ಸಿಗರೇಟಿನ ಪಾಕೀಟಿನ ಮೇಲೆ ಆರೋಗ್ಯದ ಎಚ್ಚರಿಕೆ ಕಡ್ಡಾಯವಾದುದು 1975ರ ಕಾಯ್ದೆಯಿಂದ. ಬೀಡಿಯೂ ಸೇರಿದಂತೆ ಎಲ್ಲ ತಂಬಾಕು ಸರಕಿಗೂ ಅದನ್ನು ವಿಸ್ತರಿಸಿದ್ದು 2003ರ ಕಾಯ್ದೆ. ಚಿತ್ರಸಹಿತ ಎಚ್ಚರಿಕೆ 2009ರಲ್ಲಿ ಬಂದಿತು. 2016ರಿಂದ ಅದು ಪೊಟ್ಟಣದ ಶೇ. 85 ಭಾಗವನ್ನು ಆವರಿಸಿತು.

ಬೀಡಿ ತಂಬಾಕಿಗೆ ಹೆಸರಾದ ನಿಪ್ಪಾಣಿಯ ವಿಳಾಸವಂತೂ ನಮ್ಮ ಗಡಿಯ ಕಥೆಯನ್ನೇ ಹೇಳುತ್ತದೆ. 1956ರ ವರೆಗೆ ಅದು ಮುಂಬಯಿ ರಾಜ್ಯ, ಅನಂತರ ಮೈಸೂರು ರಾಜ್ಯ, 1973ರಿಂದ ಕರ್ನಾಟಕ. ಸಂಸ್ಥಾನವಾಗಿದ್ದ ನಮ್ಮ ಜತ್ತವು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ, 1960ರಲ್ಲಿ ಮಹಾರಾಷ್ಟ್ರದಲ್ಲಿ ಉಳಿಯಿತು. ಕೆಲವು ವರ್ಷ ಒಂದೇ ರಾಜ್ಯದಲ್ಲಿದ್ದ ಎರಡು ಊರುಗಳ ನಡುವೆ ಗೆರೆ ಬಿದ್ದ ಕಾಲವನ್ನು ಬೀಡಿಯ ಲೇಬಲ್ಲಿನಲ್ಲಿ ಓದಬಹುದು.

ಆದರೆ ಸಾಕ್ಷಿ ಹೇಳದೆ ಉಳಿಸಿದ್ದೂ ಉಂಟು. ಲೇಬಲ್ಲಿನ ಮೇಲೆ ಮಾಲೀಕರ ಮುಖವಿದೆ, ಮನೆಯ ಮೂಲೆಯಲ್ಲಿ ಕುಳಿತು ಬೀಡಿ ಕಟ್ಟಿದ ಹೆಂಗಸಿನ ಮುಖವಿಲ್ಲ. ಆಕೆಯ ರಕ್ಷಣೆಗೆಂದು 1966ರಲ್ಲಿ ಬೀಡಿ ಕಾರ್ಮಿಕರ ಕಾಯ್ದೆ ಬಂದಾಗ ಬೀಡಿ ಉದ್ಯಮಗಳು ಅದನ್ನು ಪ್ರಶ್ನಿಸಿದವು. ಮಂಗಳೂರು ಗಣೇಶ ಬೀಡಿ ವರ್ಕ್ಸ್ ಹೆಸರಿನ ಪ್ರಕರಣದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ತಂಬಾಕು ಬೆಳೆದ ರೈತನ ಮುಖವೂ ಅಲ್ಲಿಲ್ಲ. ಯೋಗ್ಯ ಬೆಲೆಗಾಗಿ 1981ರಲ್ಲಿ ನಿಪ್ಪಾಣಿಯ ಹೆದ್ದಾರಿಯಲ್ಲಿ ಕುಳಿತ ರೈತರ ಮೇಲೆ ಗೋಲಿಬಾರಾಗಿ ಜೀವಗಳು ಹೋದವು.

ನಮ್ಮ ಶಾಲೆಗಳ ಮಕ್ಕಳಿಗೆ ಈ ಕಾಗದಗಳನ್ನು ತೋರಿಸಬೇಕೆಂದು ನನ್ನ ವಿನಂತಿ. ಅದಕ್ಕಾಗಿ ಅವರನ್ನು ಪಾನಪಟ್ಟಿ ಅಂಗಡಿಗೆ ಕಳಿಸಬೇಕಿಲ್ಲ, ಕಳಿಸಲೂಬಾರದು. ಹದಿನೆಂಟು ತುಂಬದವರಿಗೆ ತಂಬಾಕು ಮಾರುವುದೇ ಅಪರಾಧ. ಅಜ್ಜನ ಪೆಟ್ಟಿಗೆ, ಅಟ್ಟದ ಗಂಟು ಸಾಕು. ಲೇಬಲ್ಲಿಗೆ ಅಂಟು ಹಚ್ಚದೆ ಕಾಗದದ ಲಕೋಟೆಯಲ್ಲಿಡಲಿ. ಯಾರ ಮನೆಯಲ್ಲಿ, ಯಾವ ಊರಿನಲ್ಲಿ ದೊರೆಯಿತೆಂದು ಲಕೋಟೆಯ ಮೇಲೆ ಬರೆಯಲಿ. ಅದನ್ನು ಸೇದಿದವರಿಗೆ ಏನಾಯಿತೆಂದೂ ಮನೆಯ ಹಿರಿಯರನ್ನು ಕೇಳಲಿ. ಹಳೆಯ ಮನೆಗಳು ಕೆಡವಲ್ಪಟ್ಟು ಸಿಮೆಂಟಿನವು ಏಳುತ್ತಿರುವ ಈ ದಿನಗಳಲ್ಲಿ ಇಂಥ ಪೆಟ್ಟಿಗೆಗಳು ಮೊದಲು ತಿಪ್ಪೆ ಸೇರುತ್ತವೆ. ಈ ಸೀಮೆಯಲ್ಲಿ ಕನ್ನಡ ಓದುವವರಿದ್ದರೆಂಬುದಕ್ಕೆ ಒಂದು ಮುದ್ರಿತ ಪುರಾವೆಯೂ ಅವುಗಳೊಡನೆ ಹೋಗುತ್ತದೆ.