ಕಲ್ಲಿನ ಒಲವು

ಭದ್ರಾ ನಾಲೆಯ ನೀರುಂಡು ಬೆಳೆಯುವ ಮಲೆಬೆನ್ನೂರಿನ ಬತ್ತದ ಗದ್ದೆಗಳ ಬದುವಿನಲ್ಲಿ, ಮಳೆ ನಿಂತ ಮೇಲೆ ಒಂದು ಸೋಜಿಗವನ್ನು ಕಾಣಬಹುದು. ಕೆಸುವಿನ ಎಲೆಯ ಮೇಲೆ ಬಿದ್ದ ಹನಿ ಮುತ್ತಿನಂತೆ ದುಂಡಗೆ ನಿಂತು ಉರುಳಿಹೋಗುತ್ತದೆ. ಪಕ್ಕದ ಕಲ್ಲಿನ ಮೇಲೆ ಬಿದ್ದ ಹನಿಯಾದರೋ ತೆಳ್ಳಗೆ ಹರಡಿ ಅದನ್ನು ಅಪ್ಪಿಕೊಳ್ಳುತ್ತದೆ. ಬುದ್ಧಿಮಾತು ನಾಟದವನನ್ನು ಕಂಡು ‘ಕಲ್ಲಿನ ಮೇಲೆ ಮಳೆ ಸುರಿದಂತೆ’ ಎನ್ನುವುದುಂಟು. ಆದರೆ ಕಲ್ಲಿಗೆ ನೀರಿನಲ್ಲಿ ಒಲವಿಲ್ಲವೆನ್ನುವುದು ಸರಿಯಲ್ಲ. ಹನಿಯ ಅಂಚು ಕಲ್ಲಿನೊಡನೆ ಮಾಡುವ ಕೋನವೇ ಆ ಒಲವಿನ ಅಳತೆ. ಇದನ್ನು ಸ್ಪರ್ಶಕೋನವೆನ್ನುತ್ತಾರೆ. ಕೋನ ಕಿರಿದಾದಷ್ಟೂ ಒಲವು ಹಿರಿದು.

ಈ ಸಣ್ಣ ಸಂಗತಿಯ ಮೇಲೆ ಇಂದು ದೊಡ್ಡ ಹೊಣೆ ಬಿದ್ದಿದೆ. ಕಲ್ಲಿದ್ದಲು, ಎಣ್ಣೆಗಳನ್ನು ಉರಿಸಿ ಮನುಷ್ಯನು ಗಾಳಿಗೆ ಸೇರಿಸಿದ ಇಂಗಾಲದ ಡೈ ಆಕ್ಸೈಡ್ ಭೂಮಿಯನ್ನು ಬಿಸಿಮಾಡುತ್ತಿದೆ. ಮಳೆಯನ್ನು ನಂಬಿ ಬಾಳುವ ರೈತನಿಗೆ ಇದು ದೂರದ ಮಾತಲ್ಲ. ಆ ಅನಿಲವನ್ನು ನೆಲದಾಳದ ಶಿಲೆಯಲ್ಲಿ ಹುದುಗಿಸಿಡುವುದು ಒಂದು ಉಪಾಯ. ನಾರ್ವೆ ದೇಶದವರು 1996ರಲ್ಲಿ ಉತ್ತರ ಸಮುದ್ರದ ಸ್ಲೈಪ್ನರ್ ಎಂಬಲ್ಲಿ, ಉಪ್ಪುನೀರು ತುಂಬಿದ ಮರಳುಗಲ್ಲಿನೊಳಕ್ಕೆ ಅದನ್ನು ಇಳಿಸತೊಡಗಿದರು. ಅನಿಲವು ನೀರಿಗಿಂತ ಹಗುರವಾದುದರಿಂದ ಮೇಲೇರಲು ಹವಣಿಸುತ್ತದೆ. ಮೇಲೆ ಹೊದಿಕೆಯಂತಿರುವ ಜೇಡಿಶಿಲೆಯ ನವಿರಾದ ರಂಧ್ರಗಳಲ್ಲಿ ನೀರು ತುಂಬಿರುತ್ತದೆ. ಕಲ್ಲು ನೀರನ್ನು ಬಿಗಿಯಾಗಿ ಹಿಡಿದಿರುವಷ್ಟು ಕಾಲ ಅನಿಲಕ್ಕೆ ದಾರಿಯಿಲ್ಲ.

ಆದರೆ ಆಳದಲ್ಲಿ ಈ ಒಲವು ಒಂದೇ ತೆರನಾಗಿ ಉಳಿಯುವುದೆ? ಒಂದು ಕಿಲೋಮೀಟರು ಕೆಳಗೆ ನೀರಿನ ಒತ್ತಡ ವಾಯುಭಾರದ ಸುಮಾರು 100 ಪಟ್ಟು. ಉಷ್ಣತೆಯೂ ಹೆಚ್ಚು. 31 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನೂ ಸುಮಾರು 73 ವಾಯುಭಾರದ ಒತ್ತಡವನ್ನೂ ಮೀರಿದೊಡನೆ ಇಂಗಾಲದ ಡೈ ಆಕ್ಸೈಡ್ ದ್ರವದಂತೆ ದಟ್ಟವಾಗಿಯೂ ಅನಿಲದಂತೆ ನುಸುಳುವುದಾಗಿಯೂ ಇರುತ್ತದೆ. ಒತ್ತಡ ಏರಿದಂತೆ ಅದು ಇನ್ನೂ ದಟ್ಟವಾಗಿ ಕಲ್ಲಿಗೆ ಹತ್ತಿರವಾಗುತ್ತದೆ. ಸ್ಪರ್ಶಕೋನ ಸಾಮಾನ್ಯವಾಗಿ ಹಿಗ್ಗುತ್ತದೆ. ನೀರಿನ ಹಿಡಿತ ಸಡಿಲುತ್ತದೆ. ಉಷ್ಣತೆಯ ಪರಿಣಾಮ ಮಾತ್ರ ಇಷ್ಟು ಸರಳವಲ್ಲ. ಪ್ರಯೋಗಗಳಲ್ಲಿ ಅದು ಕೆಲವು ಶಿಲೆಗಳ ಕೋನವನ್ನು ಹಿಗ್ಗಿಸಿದೆ, ಕೆಲವುಗಳದನ್ನು ಕುಗ್ಗಿಸಿದೆ. ನೀರಿನ ಉಪ್ಪು, ಕಲ್ಲಿನ ಮೈಗೆ ಅಂಟಿದ ಜಿಡ್ಡು ಇವೂ ಫಲವನ್ನು ಬದಲಿಸುತ್ತವೆ.

ಆದುದರಿಂದ ಮರಳುಗಲ್ಲಿಗೆ ಬಂದ ಉತ್ತರವನ್ನು ಸುಣ್ಣಕಲ್ಲಿಗೆ ಅನ್ವಯಿಸಲಾಗದು. ವಿಜಯಪುರದ ಗೋಳಗುಮ್ಮಟವನ್ನು ಹೊತ್ತು ನಿಂತ ಕಪ್ಪು ಬಸಾಲ್ಟಿನ ಮಾತೇ ಬೇರೆ. ಮಲೆಬೆನ್ನೂರಿನ ಸುತ್ತಣ ಪುರಾತನ ಶಿಲೆಗಳಲ್ಲಂತೂ ಅನಿಲ ತುಂಬುವಷ್ಟು ರಂಧ್ರಗಳೇ ಇಲ್ಲ. ಆಯಾ ಕಲ್ಲನ್ನು ಆಯಾ ಆಳದ ಒತ್ತಡ, ಉಷ್ಣತೆಗಳಲ್ಲಿಟ್ಟು ಪರೀಕ್ಷಿಸಿಯೇ ನಂಬಬೇಕು. ನೂರಾರು ವರ್ಷ ಕಾಯಬೇಕಾದ ನಿಧಿಯನ್ನು ಒಪ್ಪಿಸುವಾಗ ಕಾವಲುಗಾರನ ಗುಣವನ್ನು ಅರಿಯದಿರುವುದು ಅವಿವೇಕ. ಮೇಲೆ ಬಾಳುವವರು ನಾವು. ಮುಂದೆ ಬಾಳಬೇಕಾದವರು ನಮ್ಮ ಮಕ್ಕಳು.