ತಲೆಯ ಮೇಲಿನ ತಂತಿ

ನಮ್ಮೂರಿಗೆ ಕರೆಂಟು ಬಂದಾಗ ಕಂಬಗಳು ಮಾರಿಗುಡಿ ತನಕ ಬಂದು ನಿಂತುಬಿಟ್ಟವು. ಕೇರಿಗೆ ಯಾಕಿಲ್ಲ ಅಂತ ನಮ್ಮ ಹಿರೀಕರು ಕೇಳಿದರೆ 'ತಂತಿ ಸಾಲ್ದು ಕಣ್ರೋ' ಅಂದರು. ಗೌಡರ ಗದ್ದೆಯ ಪಂಪ್‌ಸೆಟ್ಟಿಗೆ ಹೋದ ತಂತಿ ಮಾತ್ರ ನಮ್ಮ ಗುಡಿಸಲುಗಳ ನೆತ್ತಿಯ ಮೇಲೇ ಹಾದುಹೋಯಿತು. ಅದರ ಕೆಳಗೆ ನಾವು ಬುಡ್ಡಿ ದೀಪದಲ್ಲಿ ಓದಿದೆವು.

ಅದಕ್ಕೇ ಆಫ್ರಿಕಾದ ಮೊಜಾಂಬಿಕ್ ದೇಶದ ಕಹೋರಾ ಬಾಸಾ ಅಣೆಕಟ್ಟಿನ ಕತೆ ನಮಗೆ ಪರದೇಶದ್ದು ಅನ್ನಿಸಲಿಲ್ಲ.

ಜಾಂಬೆಜಿ ನದಿಗೆ ಅಡ್ಡಲಾಗಿ ಇದನ್ನು ಕಟ್ಟಿಸಿದ್ದು ಪೋರ್ಚುಗೀಸ್ ದೊರೆಗಳು. 1969ರಲ್ಲಿ ಕೆಲಸ ಶುರುವಾಯಿತು. 1974ರ ಡಿಸೆಂಬರಿನಲ್ಲಿ ನೀರು ನಿಂತಿತು. ದಡದ ಸಾವಿರಾರು ಜನರನ್ನು ಎಬ್ಬಿಸಿ ಸಿಪಾಯಿಗಳ ಕಾವಲಿನ ಹಟ್ಟಿಗಳಿಗೆ ತುಂಬಿದರು. ಕರೆಂಟು ಯಾರಿಗೆ? 1,420 ಕಿಲೋಮೀಟರ್ ಆಚೆ, ಕರಿಯರನ್ನು ಮನುಷ್ಯರೆಂದೇ ಎಣಿಸದ ವರ್ಣಭೇದದ ದಕ್ಷಿಣ ಆಫ್ರಿಕಾಕ್ಕೆ. ಫ್ರೆಲಿಮೊ ಹೋರಾಟಗಾರರು ಕಟ್ಟುವಾಗಲೇ ವಿರೋಧಿಸಿದ್ದರು. 1975ರಲ್ಲಿ ದೇಶ ಸ್ವತಂತ್ರವಾಯಿತು. ಆದರೂ 1977ರಲ್ಲಿ ಕರೆಂಟು ಹರಿದದ್ದು ಅತ್ತಲೇ.

ಇಷ್ಟು ದೂರಕ್ಕೆ ಎ.ಸಿ. ಕಳಿಸಿದರೆ ದಾರಿಯಲ್ಲೇ ಸೋರಿಹೋಗುವುದು ಹೆಚ್ಚು. ಅದಕ್ಕೆ ಸೊಂಗೊ ಎಂಬಲ್ಲಿ ಅದನ್ನು ಡಿ.ಸಿ. ಮಾಡಿ, 533 ಕಿಲೋವೋಲ್ಟ್ ಒತ್ತಡದಲ್ಲಿ ಸಾಗಿಸಿ, ಜೊಹಾನ್ಸ್‌ಬರ್ಗ್ ಹತ್ತಿರದ ಅಪೊಲೊದಲ್ಲಿ ಮತ್ತೆ ಎ.ಸಿ. ಮಾಡುತ್ತಾರೆ. 1,920 ಮೆಗಾವ್ಯಾಟ್ ಹೊರುವ ದಾರಿ ಅದು. ಜಾಣ ವಿದ್ಯೆ, ನಾವು ಜರಿಯುವುದಿಲ್ಲ. ಆದರೆ ಡಿ.ಸಿ.ಗೆ ಟ್ರಾನ್ಸ್‌ಫಾರ್ಮರ್ ನಡೆಯೋದಿಲ್ಲ. ನಡುವಿನ ಹಳ್ಳಿಯವರು ನಮಗೂ ಒಂದಿಷ್ಟು ಕೊಡಿ ಅಂದರೆ ಅಲ್ಲೊಂದು ದುಬಾರಿ ಪರಿವರ್ತನಾ ಕೇಂದ್ರವನ್ನೇ ಕಟ್ಟಬೇಕು. ಹಳ್ಳಿಗೆ ಯಾರು ಕಟ್ಟಿಸ್ತಾರೆ? ಸುಮಾರು 900 ಕಿಲೋಮೀಟರ್ ಮೊಜಾಂಬಿಕ್ಕಿನ ನೆಲದ ಮೇಲೇ ಹೋಗುವ ಆ ತಂತಿಯಿಂದ ಹಾದಿಯ ಗುಡಿಸಲಿಗೆ ಒಂದು ಬಲ್ಬೂ ಉರಿಯಲಿಲ್ಲ.

1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಸೈನ್ಯವೇ ಸಾಕಿದ ರೆನಾಮೊ ಪಡೆ ಈ ತಂತಿಯ ಗೋಪುರಗಳನ್ನು ಸಾವಿರಕ್ಕೂ ಮಿಕ್ಕಿ ಉರುಳಿಸಿತು. ತನ್ನ ಕರೆಂಟು ನಿಂತರೂ ಸರಿ, ಪಕ್ಕದ ಕರಿಯರ ಸರ್ಕಾರ ತಲೆ ಎತ್ತಬಾರದು! ಈ ದ್ವೇಷ ನಮಗೆ ಗೊತ್ತು. ನಮ್ಮವರು ಮುಟ್ಟಿದರೆಂದು ಇಡೀ ಬಾವಿಯನ್ನೇ ಪಾಳು ಬಿಟ್ಟವರನ್ನು ನಾವು ಕಂಡಿಲ್ಲವೇ?

1990ರ ದಶಕದ ಕೊನೆಗೆ ತಂತಿ ಮತ್ತೆ ಜೀವ ಪಡೆಯಿತು. 2007ರಲ್ಲಿ ಪೋರ್ಚುಗಲ್ ಕೈಯಲ್ಲಿದ್ದ ಒಡೆತನದ ಬಹುಪಾಲು ಮೊಜಾಂಬಿಕ್‌ಗೆ ಬಂತು, ಸ್ವಾತಂತ್ರ್ಯ ಬಂದು 32 ವರ್ಷದ ಮೇಲೆ. ಆಮೇಲೂ ರಾಜಧಾನಿ ಮಪುಟೊಗೆ ತನ್ನದೇ ನದಿಯ ಕರೆಂಟು ದಕ್ಷಿಣ ಆಫ್ರಿಕಾವನ್ನು ಸುತ್ತಿಕೊಂಡೇ ಬಂತು. ಯಜಮಾನ ಬದಲಾದ ಮಾತ್ರಕ್ಕೆ ತಂತಿಯ ದಾರಿ ಬದಲಾಗೋದಿಲ್ಲ.

ಶಾಲೆಯಲ್ಲಿ ಎ.ಸಿ., ಡಿ.ಸಿ. ಪಾಠ ಹೇಳುವ ಗೆಳೆಯರೇ, ತಂತಿ ಎಲ್ಲಿ ಇಳಿಯಬೇಕು ಎಂದು ನಿಶ್ಚಯಿಸುವವರು ಯಾರು ಅನ್ನೋದನ್ನೂ ಸೇರಿಸಿ ಹೇಳಿ. ನಕ್ಷೆ ಎಳೆಯುವ ಮೇಜಿನ ಮುಂದೆ ನಮ್ಮ ಕೇರಿಯ ಮಕ್ಕಳೂ ಕೂರಬೇಕು.