ದಂಡ, ಬಸ್ಕಿ ಮತ್ತು ತಮ್ಮನ ಗ್ಯಾರೇಜು

ಎರಡು ವರ್ಷದ ಹಿಂದೆ ಜೂನ್‌ನಲ್ಲಿ ರಜೆಗೆ ಊರಿಗೆ ಹೋಗಿದ್ದೆ. ಒಂದು ರಾತ್ರಿ ಎರಡು ಗಂಟೆ ಇರಬೇಕು, ಕುಂದಾಪುರದ ಮಳೆ ಹೆಂಚಿನ ಮೇಲೆ ಹೊಡೆಯುತ್ತಿತ್ತು. ಬಚ್ಚಲಿನ ಕಡೆಯಿಂದ ಧಡ್ ಎಂಬ ಸದ್ದು. ಓಡಿ ಹೋಗಿ ನೋಡಿದರೆ ಅಪ್ಪ ಒದ್ದೆ ನೆಲದ ಮೇಲೆ ಒಂದು ಬದಿಗೆ ಬಿದ್ದಿದ್ದರು. ಕೈಕಾಲು ಆಡಿಸಿದರು, ಮೂಳೆ ಮುರಿದ ಹಾಗೆ ಕಾಣಲಿಲ್ಲ. (ಇಂಥ ಹೊತ್ತಿನಲ್ಲಿ ಅದನ್ನು ನೋಡದೆ ಯಾರನ್ನೂ ಎಬ್ಬಿಸಬೇಡಿ ಎಂದು ಆಮೇಲೆ ಡಾಕ್ಟರು ಹೇಳಿದರು. ನಾನು ಅಂದು ನೋಡಿದ್ದು ಅದೃಷ್ಟಕ್ಕೆ.) ಅಪ್ಪನ ಎರಡೂ ಕಂಕುಳಿಗೆ ಕೈ ಹಾಕಿ, ಬಗ್ಗಿ ನಿಂತು ಎಳೆದೆ. ಅಪ್ಪ ಒಂದು ಗೇಣು ಮೇಲೆ ಬಂದರು. ನನ್ನ ಸೊಂಟದಲ್ಲಿ ಏನೋ ಹಿಡಿದುಕೊಂಡಿತು. ಮೆಲ್ಲಗೆ ಅವರನ್ನು ಕೆಳಗೆ ಬಿಟ್ಟು ನಾನೂ ಪಕ್ಕದಲ್ಲೇ ಕುಳಿತೆ.

ಬಿದ್ದ ಅಪ್ಪ ನನ್ನನ್ನು ಕೇಳಿದರು: “ನಿಂಗೆ ಪೆಟ್ಟಾಯ್ತಾ ಮಗಾ?”

ಕೊನೆಗೆ ಅಮ್ಮ ಪಕ್ಕದ ಮನೆಯ ಹುಡುಗನನ್ನು ಕರೆತಂದರು. ಗೂಡ್ಸ್ ಟೆಂಪೋ ಓಡಿಸುವವನು, ಜಿಮ್ಮಿನ ಬಾಗಿಲು ಕಂಡವನಲ್ಲ. ಅವನು ಅಪ್ಪನ ಎದುರು ಕುಕ್ಕರಗಾಲಿನಲ್ಲಿ ಕುಳಿತ, ಎದೆಗೆ ಒತ್ತಿ ತಬ್ಬಿಕೊಂಡ, ಎದ್ದು ನಿಂತ. ಅಷ್ಟೇ.

ಅಪ್ಪನ ತೂಕ 58 ಕಿಲೋ. ನನ್ನದು 72. ಶಾರ್ಜಾದ ನಮ್ಮ ರೂಮಿನಲ್ಲಿ ನನ್ನ ಹೆಸರು ‘ಪೈಲ್ವಾನ್’. ದಿನಾ ಬೆಳಿಗ್ಗೆ ನಲವತ್ತು ದಂಡ, ನೂರು ಬಸ್ಕಿ, ಹತ್ತು ವರ್ಷಗಳಿಂದ ತಪ್ಪಿಸಿದವನಲ್ಲ. ಆ ರಾತ್ರಿಯ ವಿಷಯವನ್ನು ರೂಮಿನಲ್ಲಿ ಯಾರಿಗೂ ಹೇಳಲಿಲ್ಲ. ಈಗ ಸಂಚಿಕೆಯಲ್ಲಿ ಬರೆದ ಮೇಲೆ ಎಲ್ಲರಿಗೂ ಗೊತ್ತಾಗುತ್ತದೆ, ಆಗಲಿ.

ದಂಡ ಬಸ್ಕಿ ನನಗೆ ಬಂದದ್ದು ದೇವಸ್ಥಾನದ ಪಕ್ಕದ ವ್ಯಾಯಾಮ ಶಾಲೆಯಿಂದ. ನಮ್ಮ ಕರಾವಳಿಯವರಿಗೆ ಅದು ಗೊತ್ತಿರುತ್ತದೆ: ಒಂದು ಹಾಲು, ಗೋಡೆಯ ಮೇಲೆ ಹನುಮಂತನ ಪಟ, ಮೂಲೆಯಲ್ಲಿ ಗದೆ, ತುಕ್ಕು ಹಿಡಿದ ಒಂದೆರಡು ಕಬ್ಬಿಣದ ಗುಂಡು. ನಮಗೆ ಹೇಳಿಕೊಡುತ್ತಿದ್ದ ಹಿರಿಯರಿಗೆ ಕಬ್ಬಿಣ ಎಂದರೆ ಆಗದು. ಕಬ್ಬಿಣ ಎತ್ತಿದವನ ಮೈ ಬಾಗುವುದಿಲ್ಲ ಎನ್ನುತ್ತಿದ್ದರು. ಆ ಮಾತು ತಲೆಯಲ್ಲಿ ಉಳಿಯಿತು.

1999ರಲ್ಲಿ ಗಲ್ಫಿಗೆ ಬಂದೆ. ಮೊದಲ ಆರು ವರ್ಷ ಗೋದಾಮಿನಲ್ಲಿ ಹೆಲ್ಪರ್. ಇಡೀ ದಿನ ಚೀಲ ಎತ್ತುವವನಿಗೆ ಬೇರೆ ವ್ಯಾಯಾಮ ಯಾಕೆ? ರಾತ್ರಿ ಬಂದು ಬಿದ್ದರೆ ಸಾಕಾಗುತ್ತಿತ್ತು. ಹೇಗೆ ಎತ್ತಬೇಕೆಂದು ಯಾರೂ ಹೇಳಿಕೊಡಲಿಲ್ಲ, ಲೆಕ್ಕ ಮುಗಿದರೆ ಸಾಕು ಎಂದು ಬೆನ್ನು ಬಗ್ಗಿಸಿ ಎತ್ತಿದೆ. ಆಮೇಲೆ ಸ್ಟೋರ್ ಕೀಪರ್ ಆದೆ, ಕುರ್ಚಿ ಸಿಕ್ಕಿತು, ಹೊಟ್ಟೆ ಬಂತು. ಆಗ ಹಳೆಯ ದಂಡ ಬಸ್ಕಿ ನೆನಪಾಯಿತು. ಆರು ಜನರ ರೂಮಿನಲ್ಲಿ ಎರಡು ಬಂಕ್ ನಡುವೆ ಒಂದು ಚಾಪೆ ಹಾಸುವಷ್ಟು ಜಾಗ ಸಾಕು, ಒಂದು ದಿರ್ಹಮ್ ಖರ್ಚಿಲ್ಲ. ಜಿಮ್ಮಿಗೆ ಹೋಗುವವರನ್ನು ನೋಡಿ ಒಳಗೊಳಗೇ ನಗುತ್ತಿದ್ದೆ.

ನನ್ನ ತಮ್ಮ ಸಿಯಾಟಲ್ ಹತ್ತಿರ ಬಾಥೆಲ್ ಎಂಬ ಊರಿನಲ್ಲಿದ್ದಾನೆ, ಸಾಫ್ಟ್‌ವೇರ್ ಕೆಲಸ. ಅವನ ಇಂಜಿನಿಯರಿಂಗ್ ಫೀಸು ಶಾರ್ಜಾದಿಂದ ಹೋದದ್ದು ಎಂಬುದನ್ನು ಅವನು ಮರೆತಿಲ್ಲ. ಅಪ್ಪ ಬಿದ್ದ ಸುದ್ದಿ ಕೇಳಿದ ಮೇಲೆ, “ಅಣ್ಣ, ಒಂದು ಸಲ ಬಂದು ಹೋಗು, ಟಿಕೆಟ್ ನಂದು” ಎಂದು ಹಟ ಹಿಡಿದ. ವೀಸಾದ ಕಥೆ ಬರೆದರೆ ಅದೇ ಇನ್ನೊಂದು ಲೇಖನ ಆದೀತು. ಅಂತೂ ಅದೇ ನವೆಂಬರ್ ಕೊನೆಗೆ ದುಬೈಯಿಂದ ನೇರ ವಿಮಾನ ಹತ್ತಿ, ಹದಿನಾಲ್ಕು ಗಂಟೆಗೂ ಹೆಚ್ಚು ಕುಳಿತು ಸಿಯಾಟಲ್‌ನಲ್ಲಿ ಇಳಿದೆ. ಆರು ವಾರ ಇದ್ದೆ.

ಅಲ್ಲಿ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಯ ಒಳಗೆ ಸೂರ್ಯ ಮುಳುಗುತ್ತಾನೆ. ಮಳೆ ನಮ್ಮೂರಿನ ಹಾಗೆ ಸುರಿಯುವುದಿಲ್ಲ, ಇಡೀ ದಿನ ಜಿನುಗುತ್ತಲೇ ಇರುತ್ತದೆ. ಇಲ್ಲಿ ನಮ್ಮನ್ನು ಜುಲೈ ಬಿಸಿಲು ಒಳಗೆ ಕೂಡಿಹಾಕಿದ ಹಾಗೆ ಅಲ್ಲಿ ಅವರನ್ನು ಡಿಸೆಂಬರ್ ಕತ್ತಲೆ ಕೂಡಿಹಾಕುತ್ತದೆ. ಹಾಗಾಗಿ ತಮ್ಮ ಕಾರನ್ನು ಮಳೆಗೆ ಬಿಟ್ಟು ಗ್ಯಾರೇಜಿನಲ್ಲಿ ಕಬ್ಬಿಣ ತುಂಬಿದ್ದಾನೆ. ಒಂದು ಸ್ಟ್ಯಾಂಡು, ಉದ್ದದ ರಾಡು, ಗಾಲಿಯಂಥ ಪ್ಲೇಟುಗಳು. ವಂಡ್ಸೆಯ ಗುರುರಾಜ ಪೂಜಾರಿ 2018ರಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರಲ್ಲ, ಅಂದು ಶಾರ್ಜಾದಲ್ಲಿ ನಾವು ಲಾಡು ಹಂಚಿದೆವು. ತಮ್ಮ ಅದೇ ವಾರ ರಾಡು ಕೊಂಡನಂತೆ. “ನಮ್ಮೂರಿನ ಪಕ್ಕದವರು, ಕುಸ್ತಿ ಬಿಟ್ಟು ಭಾರಕ್ಕೆ ಬಂದವರು. ಅವರ ಮೈ ಬಾಗುವುದಿಲ್ಲವಾ ಅಣ್ಣ?” ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ.

ಮೊದಲ ವಾರ ನಮ್ಮಿಬ್ಬರದ್ದು ಜಗಳವೇ. ನಾನು ಗ್ಯಾರೇಜಿನ ನೆಲದಲ್ಲಿ ನಲವತ್ತು ದಂಡ ಹೊಡೆದು ತೋರಿಸಿದೆ. ಅವನು ಹದಿನೆಂಟಕ್ಕೆ ಕೈ ಚೆಲ್ಲಿದ. ಆದರೂ ಬಾಯಿ ಬಿಡಲಿಲ್ಲ: “ಅಣ್ಣ, ದಂಡದಲ್ಲಿ ನೀನು ಎತ್ತುವುದು ನಿನ್ನ ತೂಕದ ಮೂರರಲ್ಲಿ ಎರಡು ಪಾಲು, ಅಂದರೆ ನಲವತ್ತೆಂಟು ಕಿಲೋ. ಹತ್ತು ವರ್ಷದಿಂದ ಅದೇ ನಲವತ್ತೆಂಟು. ಈಗ ಅದು ಬಲ ಬೆಳೆಸುವುದಿಲ್ಲ, ಬರೀ ದಮ್ಮು ಕೊಡುತ್ತದೆ. ಮತ್ತೆ ದಂಡದಲ್ಲಿ ಎಲ್ಲವೂ ತಳ್ಳುವುದೇ. ನೆಲದಿಂದ ಎತ್ತುವುದು ಎಲ್ಲಿದೆ ಅದರಲ್ಲಿ?”

ಸಿಟ್ಟು ಬಂತು. ಎದ್ದು ಒಳಗೆ ಹೋದೆ. ನಾದಿನಿ ಚಹಾ ಕೊಟ್ಟು, “ಭಾವ, ಇವರಿಗೆ ದಿನಾ ಇದೇ ಮಾತು, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ” ಎಂದಳು.

ಆ ಶನಿವಾರ ಸಿಯಾಟಲ್ ಪೇಟೆ ತೋರಿಸಲು ಕರೆದುಕೊಂಡು ಹೋದ. ಕ್ಯಾಪಿಟಲ್ ಹಿಲ್ ಎಂಬ ಗುಡ್ಡಕ್ಕೆ ಹತ್ತುವ ಹೋವ್ ಸ್ಟ್ರೀಟ್ ಮೆಟ್ಟಿಲುಗಳು ಅಲ್ಲಿವೆ, 388 ಮೆಟ್ಟಿಲು. ಜನ ವ್ಯಾಯಾಮಕ್ಕೆಂದೇ ಅಲ್ಲಿಗೆ ಬಂದು ಹತ್ತಿ ಇಳಿಯುತ್ತಾರೆ. ನಾನು ಒಂದೇ ಉಸಿರಿಗೆ ಅಲ್ಲದಿದ್ದರೂ ನಿಲ್ಲದೆ ಹತ್ತಿದೆ. ತಮ್ಮ ಮೂರು ಕಡೆ ರೇಲಿಂಗ್ ಹಿಡಿದು ನಿಂತ. 140 ಕಿಲೋ ನೆಲದಿಂದ ಎತ್ತುವವನು! ಮೇಲೆ ಒಂದು ಪಾರ್ಕಿನಲ್ಲಿ ಕಬ್ಬಿಣದ ಅಡ್ಡಪಟ್ಟಿ ಕಂಡಿತು. ಜೋತುಬಿದ್ದು ಗಲ್ಲ ಮೇಲೆ ತರಲು ಹೇಳಿದೆ. ಒಂದೂ ಆಗಲಿಲ್ಲ. ನನಗೆ ಮೂರಾಯಿತು. ಅವನ ತೋಳು ನನ್ನ ತೋಳಿನ ಒಂದೂವರೆ ಪಟ್ಟು ಇದೆ, ಮೈಕಟ್ಟು ನೋಡಿದರೆ ಯಾರೂ ಅವನನ್ನೇ ಪೈಲ್ವಾನ್ ಎನ್ನುತ್ತಾರೆ. ಆದರೆ ತನ್ನ ಮೈಯನ್ನು ತಾನೇ ಎತ್ತಿಕೊಳ್ಳಲು ಬರಲಿಲ್ಲ. ಲೆಕ್ಕ ಸಮವಾಯಿತು ಎಂದು ಖುಷಿಪಟ್ಟೆ.

ಅಲ್ಲಿಂದ ಹತ್ತಿರದಲ್ಲೇ ಲೇಕ್ ವ್ಯೂ ಸ್ಮಶಾನ. ಅಲ್ಲಿ ಬ್ರೂಸ್ ಲೀ ಮಲಗಿದ್ದಾನೆ. ನಮ್ಮ ಪ್ರಾಯದವರು ವೀಡಿಯೋ ಕ್ಯಾಸೆಟ್ ತಂದು ಅವನ ಸಿನಿಮಾ ನೋಡಿ, ಅಂಗಿ ಬಿಚ್ಚಿ ಕನ್ನಡಿ ಮುಂದೆ ನಿಂತವರೇ. ಕೆಂಪು ಕಲ್ಲಿನಲ್ಲಿ ಅವನ ಚಿತ್ರ, ಪಕ್ಕದಲ್ಲಿ ಮಗ ಬ್ರ್ಯಾಂಡನ್‌ನ ಕಪ್ಪು ಕಲ್ಲು. ಯಾರೋ ಕಿತ್ತಳೆ ಇಟ್ಟು ಹೋಗಿದ್ದರು. 1959ರಲ್ಲಿ ಸಿಯಾಟಲ್‌ಗೆ ಬಂದಾಗ ಹದಿನೆಂಟರ ಹುಡುಗ. ರೂಬಿ ಚೌ ಎಂಬವರ ಹೋಟೆಲಿನಲ್ಲಿ ಸಪ್ಲೈಯರ್ ಕೆಲಸ, ಅಲ್ಲೇ ಒಂದು ಚಿಕ್ಕ ಕೋಣೆಯಲ್ಲಿ ವಾಸ. ಇದನ್ನು ಕೇಳಿದಾಗ ನನಗೆ ಅವನು ನಮ್ಮ ಕ್ಯಾಂಪಿನವನೇ ಎನಿಸಿತು.

ನಾನು ತಮ್ಮನಿಗೆ ಹೇಳಿದೆ, “ಇವನು ಎರಡು ಬೆರಳಿನಲ್ಲಿ ದಂಡ ಹೊಡೆದವನು. ಮೈಭಾರವೇ ಸಾಕಾಗಿತ್ತು ಇವನಿಗೆ.” ತಮ್ಮ ನಕ್ಕ. ಬ್ರೂಸ್ ಲೀ ಭಾರವನ್ನೂ ಎತ್ತುತ್ತಿದ್ದನಂತೆ. 1970ರಲ್ಲಿ ಒಂದು ದಿನ ಮೈ ಬಿಸಿ ಮಾಡಿಕೊಳ್ಳದೆ 135 ಪೌಂಡ್ ಹೆಗಲ ಮೇಲಿಟ್ಟು ಮುಂದಕ್ಕೆ ಬಾಗಿ ಬೆನ್ನು ಕೆಡಿಸಿಕೊಂಡ. ಇನ್ನು ಒದೆಯಲಾಗದು ಎಂದು ಡಾಕ್ಟರು ಹೇಳಿದ್ದರು ಎಂದು ಅವನ ಜೀವನ ಬರೆದವರು ಹೇಳುತ್ತಾರೆ. ತಿಂಗಳುಗಟ್ಟಲೆ ಮಲಗಿ, ಮತ್ತೆ ಎದ್ದ. ನಾವು ನೋಡಿದ ‘ಎಂಟರ್ ದ ಡ್ರ್ಯಾಗನ್’ ಆ ಪೆಟ್ಟಿನ ನಂತರದ್ದು.

“ನೋಡು, ಕಬ್ಬಿಣ ಏನು ಮಾಡಿತು!” ಎಂದೆ.

“ಕಬ್ಬಿಣ ಅಲ್ಲ ಅಣ್ಣ, ಅವಸರ” ಎಂದ. ಆಮೇಲೆ ಅವನು ಹೇಳಿದ ಒಂದು ಸಂಗತಿ ನನ್ನನ್ನು ಸುಮ್ಮನಾಗಿಸಿತು. ಬ್ರೂಸ್ ಲೀ ನಮ್ಮ ಗಾಮಾ ಪೈಲ್ವಾನರ ಬಗ್ಗೆ ಓದಿ ದಂಡ ಬಸ್ಕಿಯನ್ನು ತನ್ನ ಅಭ್ಯಾಸಕ್ಕೆ ಸೇರಿಸಿಕೊಂಡಿದ್ದ. ಆ ಗಾಮಾ ಬಸ್ಕಿ ಹೊಡೆಯಲು ಕೊರಳಿಗೆ ಹಾಕಿಕೊಳ್ಳುತ್ತಿದ್ದ ಬಳೆ 95 ಕಿಲೋ! ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಅದನ್ನು ಇಟ್ಟಿದ್ದಾರೆ. ಬರೀ ಮೈಭಾರದ ದೇವರು ಎಂದು ನಾನು ನಂಬಿದ್ದವರು ಕೊರಳಿಗೆ ಒಬ್ಬ ದಪ್ಪ ಮನುಷ್ಯನ ತೂಕ ಹಾಕಿಕೊಂಡು ಬಸ್ಕಿ ಹೊಡೆಯುತ್ತಿದ್ದರು. ಯೋಚಿಸಿದರೆ ನಮ್ಮ ಗರಡಿಗಳಲ್ಲಿ ಗದೆ ಇತ್ತು. ಉತ್ತರ ಕರ್ನಾಟಕದ ಗೆಳೆಯರು ಹೇಳುವಂತೆ ಅಲ್ಲಿನ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಸ್ಪರ್ಧೆ ಈಗಲೂ ಉಂಟು. ನಮ್ಮ ವ್ಯಾಯಾಮ ಶಾಲೆಯ ಮೂಲೆಯಲ್ಲಿ ಗುಂಡುಗಳಿದ್ದವಲ್ಲ, ಅವನ್ನು ಯಾರೋ ಒಂದು ಕಾಲದಲ್ಲಿ ಎತ್ತಿದ್ದಕ್ಕೇ ಅಲ್ಲಿದ್ದವು. ತುಕ್ಕು ಹಿಡಿದದ್ದು ನಮ್ಮ ಕಾಲದಲ್ಲಿ.

ಆ ರಾತ್ರಿ ಊಟವಾದ ಮೇಲೆ ತಮ್ಮನಿಗೆ ಬಚ್ಚಲಿನ ಕಥೆ ಪೂರ್ತಿ ಹೇಳಿದೆ. ಅಪ್ಪ ಬಿದ್ದದ್ದು ಅವನಿಗೆ ಗೊತ್ತಿತ್ತು, ನನ್ನಿಂದ ಎತ್ತಲಾಗದ್ದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. “ನಾನು ಅಲ್ಲಿ ಇರಲೂ ಇಲ್ಲವಲ್ಲ ಅಣ್ಣ” ಎಂದ. ನಾವಿಬ್ಬರೂ ಅಲ್ಲಿ ಇರುವುದಿಲ್ಲ, ಅದೇ ವಿಷಯ. ವರ್ಷಕ್ಕೆ ಒಂದು ತಿಂಗಳು ಇರುವಾಗಲಾದರೂ ಕೈಲಾಗಬೇಡವೇ?

ಮರುದಿನ ಗ್ಯಾರೇಜಿನಲ್ಲಿ ಮೊದಲಿನಿಂದ ಶುರು. ಪ್ಲೇಟಿಲ್ಲದ ಬರೀ ರಾಡು, 45 ಪೌಂಡ್, ಅಂದರೆ ಇಪ್ಪತ್ತು ಕಿಲೋ ಚಿಲ್ಲರೆ. ಅದನ್ನು ಎರಡು ಮರದ ತುಂಡಿನ ಮೇಲೆ ಎತ್ತರಕ್ಕೆ ಇಟ್ಟ. ಬೆನ್ನು ಹಲಗೆಯ ಹಾಗೆ ನೇರ, ಸೊಂಟ ಹಿಂದಕ್ಕೆ, ರಾಡು ಕಾಲಿಗೆ ಅಂಟಿಕೊಂಡೇ ಮೇಲೆ ಬರಬೇಕು, ಉಸಿರು ತುಂಬಿ ಹೊಟ್ಟೆ ಬಿಗಿ. ನಾಚಿಕೆಯಾಯಿತು, ಮಗುವಿಗೆ ನಡೆಯಲು ಕಲಿಸಿದ ಹಾಗೆ. ಎರಡನೇ ವಾರ ಮಾಡುತ್ತಿರುವಾಗ ಹೊಳೆಯಿತು: ಟೆಂಪೋ ಹುಡುಗ ಮಾಡಿದ್ದು ಇದನ್ನೇ! ಹತ್ತಿರ ಕುಳಿತ, ಭಾರವನ್ನು ಮೈಗೆ ಅಂಟಿಸಿಕೊಂಡ, ಕಾಲಿನಿಂದ ಎದ್ದ. ನಾನು ದೂರ ನಿಂತು ಬಗ್ಗಿ ಬೆನ್ನಿನಿಂದ ಎಳೆದಿದ್ದೆ. ಗೋದಾಮಿನಲ್ಲಿ ಆರು ವರ್ಷ ಅದನ್ನೇ ಮಾಡಿದ್ದೆ.

ವಾರಕ್ಕೆ ಮೂರು ದಿನ, ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಹೋದೆವು. ಕಬ್ಬಿಣದ ಒಂದು ಅನುಕೂಲ ಇದು: ಐದು ಪೌಂಡ್ ಸೇರಿಸಬೇಕೆಂದರೆ ಐದು ಪೌಂಡ್ ಸೇರಿಸಬಹುದು. ಮೈಭಾರದಲ್ಲಿ ಹಾಗಿಲ್ಲ. ದಂಡ ಸುಲಭವಾದರೆ ಕಾಲನ್ನು ಕುರ್ಚಿಯ ಮೇಲಿಡಬೇಕು, ಬಸ್ಕಿ ಸುಲಭವಾದರೆ ಒಂಟಿ ಕಾಲಿಗೆ ಹೋಗಬೇಕು, ಆ ಜಿಗಿತ ದೊಡ್ಡದು. ಕೈಗೆ ಎದೆಗೆ ಮೈಭಾರ ಬಹಳ ದೂರ ಕರೆದೊಯ್ಯುತ್ತದೆ, ಜಿಮ್ನಾಸ್ಟ್‌ಗಳ ತೋಳು ನೋಡಿದರೆ ಸಾಕು. ಕಾಲಿಗೂ ಸೊಂಟಕ್ಕೂ ಅಷ್ಟು ದೂರ ಹೋಗುವುದಿಲ್ಲ ಎಂದು ಈಗ ನನ್ನ ಅಭಿಪ್ರಾಯ. ಅಲ್ಲದೆ ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇ. 3ರಿಂದ 8ರಷ್ಟು ಮಾಂಸಖಂಡ ಕರಗುತ್ತದಂತೆ. ಐವತ್ತರ ಹತ್ತಿರ ಇರುವ ನನಗೆ ಆ ಲೆಕ್ಕ ಸಣ್ಣದಾಗಿ ಕಾಣಲಿಲ್ಲ.

ಐದನೇ ವಾರದ ಕೊನೆಗೆ ರಾಡಿನ ಎರಡೂ ಬದಿಗೆ ಒಂದೊಂದು ದೊಡ್ಡ ಪ್ಲೇಟು ಬಂತು. 45, 45, 45. ಒಟ್ಟು 135 ಪೌಂಡ್, 61 ಕಿಲೋ. ಬ್ರೂಸ್ ಲೀಯ ಬೆನ್ನು ಕೆಡಿಸಿದ ತೂಕ ಎಂದು ಹೆದರಿಕೆಯಾಯಿತು. ತಮ್ಮ ಬೇರೆ ಏನೋ ಲೆಕ್ಕ ಹಾಕುತ್ತಿದ್ದ. “ಅಪ್ಪನಿಗಿಂತ ಮೂರು ಕಿಲೋ ಜಾಸ್ತಿ ಅಣ್ಣ” ಎಂದ. ಎತ್ತಿದೆ. ಐದು ಸಲ.

ಮನುಷ್ಯ ರಾಡಿನ ಹಾಗಲ್ಲ, ಹಿಡಿಯಲು ಹಿಡಿಕೆ ಇರುವುದಿಲ್ಲ, ಜಾರುತ್ತಾನೆ, ನೋಯುತ್ತಾನೆ ಎಂಬುದು ನನಗೆ ಗೊತ್ತು.

ಈಗ ಮತ್ತೆ ಶಾರ್ಜಾ. ರಾಡು ಇಲ್ಲ, ಗ್ಯಾರೇಜು ಇಲ್ಲ. ಊರಿಗೆ ಹೋಗುವಾಗ ಒಯ್ಯುವ ದೊಡ್ಡ ಬ್ಯಾಗಿಗೆ ಅಕ್ಕಿ ಚೀಲ ತುಂಬಿ ಎತ್ತುತ್ತೇನೆ. ವಿಮಾನದವರು 30 ಕಿಲೋಗೆ ತಡೆಯುತ್ತಾರೆ, ನಾನು 40ಕ್ಕೆ ಹೋಗಿದ್ದೇನೆ. ಬ್ಯಾಗಿನ ಹಿಡಿಕೆ ಒಮ್ಮೆ ಕಿತ್ತು ಬಂತು, ದಪ್ಪ ದಾರದಿಂದ ಹೊಲಿದೆ. ತುಂಬಿದ ಐದು ಗ್ಯಾಲನ್ ನೀರಿನ ಕ್ಯಾನು 19 ಕಿಲೋ, ಎದೆಗೆ ತಬ್ಬಿಕೊಂಡು ಬಸ್ಕಿ ಹೊಡೆಯಲು ಅದಕ್ಕಿಂತ ಒಳ್ಳೆಯದು ಬೇರೆ ಬೇಡ. ದಂಡ ಬಿಟ್ಟಿಲ್ಲ, ಕಾಲು ಮಂಚದ ಮೇಲಿಟ್ಟು ಹದಿನೈದು. ಬಂಕಿಗೆ ಮಾತ್ರ ಜೋತುಬೀಳಬೇಡಿ. ನಮ್ಮ ರೂಮಿನ ಒಬ್ಬ ಜೋತುಬಿದ್ದು, ಮೇಲೆ ಮಲಗಿದ್ದವನ ಸಮೇತ ಮಂಚ ಕೆಳಗೆ ಬಂತು.

ಇಡೀ ದಿನ ಸೈಟಿನಲ್ಲಿ ಭಾರ ಎತ್ತುವ ಗೆಳೆಯರಿಗೆ ನಾನು ಇದನ್ನೆಲ್ಲ ಹೇಳುವುದಿಲ್ಲ. ಅವರಿಗೆ ಬೇಕಾದದ್ದು ನಿದ್ದೆ, ನೀರು, ಹೊಟ್ಟೆ ತುಂಬ ಊಟ. ಹೊಸದಾಗಿ ಬಂದ ಹೆಲ್ಪರ್ ಹುಡುಗರಿಗೆ ಮಾತ್ರ ಚೀಲದ ಹತ್ತಿರ ಕುಳಿತು ಎತ್ತುವುದು ಹೇಗೆಂದು ತೋರಿಸುತ್ತೇನೆ. ಕೆಲವರು ನಗುತ್ತಾರೆ.

ಕಳೆದ ಶುಕ್ರವಾರ ತಮ್ಮ ವೀಡಿಯೋ ಕಾಲ್ ಮಾಡಿದ, ಊರಿನಿಂದ ಅಪ್ಪನೂ ಇದ್ದರು. ಬಚ್ಚಲಿಗೆ ಈಗ ಸ್ಟೀಲಿನ ಹಿಡಿಕೆ ಹಾಕಿಸಿದ್ದೇವೆ, ಆಮೇಲೆ ಬಿದ್ದಿಲ್ಲ. ತಮ್ಮ ಗ್ಯಾರೇಜಿನ ಅಡ್ಡಪಟ್ಟಿಗೆ ಜೋತುಬಿದ್ದು ಎರಡು ಸಲ ಗಲ್ಲ ಮೇಲೆ ತಂದು ತೋರಿಸಿದ, ಮುಖ ಕೆಂಪಗಾಗಿತ್ತು. ಅಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿ, “ಇವ ಎಂತ ಮಾಡ್ತಾ ಇದ್ದಾನೆ? ಅಲ್ಲಿ ಹತ್ತಲಿಕ್ಕೆ ಮರ ಇಲ್ಲವಾ?” ಎಂದರು.